ಆಯುಧ ಪೂಜೆಗೆ ಕತ್ತರಿಸಿದ ಮುದ್ರೆ

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಭದ್ರಾವತಿಯಲ್ಲಿ, ನ್ಯೂ ಟೌನಿನಿಂದ ಆಚೆಗಿದ್ದ ಒಂದು ಖಾಸಗಿ ಎರಕದ ಕಾರ್ಖಾನೆಯಲ್ಲಿ ನಾನು ಕಸ ಗುಡಿಸುವವಳು. ಗಂಡ ಸತ್ತು ಮೂರು ವರ್ಷವಾಗಿತ್ತು, ಮನೆಯಲ್ಲಿ ಎರಡು ಹೆಣ್ಣುಮಕ್ಕಳು. ನಾನು ಓದಿದ್ದು ಮೂರನೇ ಕ್ಲಾಸು. ಆ ಕೆಲಸ ಹೋದರೆ ಬೇರೆ ಅನ್ನವಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ನಡೆದುಕೊಂಡ ರೀತಿಗೆ ಕಾರಣ ಅದೇ.

ಆ ವರ್ಷ ಕಾರ್ಖಾನೆಗೆ ಹೊರದೇಶದಿಂದ ಒಂದು ಪೆಟ್ಟಿಗೆ ಬಂತು. ಎರಕ ಹೊಯ್ದ ಕಬ್ಬಿಣದ ಹೊಟ್ಟೆಯೊಳಗೆ ಬಿರುಕಿದೆಯೇ ಎಂದು ಫೋಟೋ ತೆಗೆದು ನೋಡುವ ರೇಡಿಯೋಗ್ರಫಿ ಯಂತ್ರ, ಆಸ್ಪತ್ರೆಯ ಎಕ್ಸ್‌ರೇ ಇದ್ದ ಹಾಗೆ. ನೋಡಲು ಅಕ್ಕಿ ಡಬ್ಬದಷ್ಟು, ಎತ್ತಲು ನಾಲ್ಕು ಜನ ಬೇಕು. ಕಿರಣ ಹೊರಗೆ ಬಾರದಿರಲೆಂದು ಅದರ ಒಳಗೋಡೆ ಯುರೇನಿಯಂ ಎಂಬ ಲೋಹದ್ದು. ಅದು ಬಾಂಬಿನ ಜಾತಿಗೆ ಸೇರಿದ ಲೋಹವಾದ್ದರಿಂದ ಕೊಟ್ಟವರು ಕರಾರು ಹಾಕಿದ್ದರು: ಅವರ ಕಡೆಯ ಇನ್‌ಸ್ಪೆಕ್ಟರ್ ಯಾವಾಗ ಬೇಕಾದರೂ ಬಂದು, ಪದಾರ್ಥ ಇಟ್ಟಲ್ಲೇ ಇದೆಯೇ ಎಂದು ನೋಡಬಹುದು. ಇದಕ್ಕೆ ಸೇಫ್‌ಗಾರ್ಡ್ಸ್ ತಪಾಸಣೆ ಎನ್ನುತ್ತಾರೆ. ಯಂತ್ರ ನಡೆಸುವುದನ್ನು ಕಲಿಸುವವರು ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಮುಚ್ಚಳಕ್ಕೆ ಬೀಗ, ಬೀಗದ ಮೇಲೆ ತಂತಿ, ತಂತಿಯ ಗಂಟಿಗೆ ನಂಬರು ಒತ್ತಿದ ಸೀಸದ ಮುದ್ರೆ. ಗೂಡ್ಸ್ ರೈಲಿನ ಬಾಗಿಲಿಗೆ ಹಾಕಿರುತ್ತಾರಲ್ಲ, ಅಂಥದ್ದು.

ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಮೊದಲು ಯಾರೂ ಹೇಳಲಿಲ್ಲ. ಕಸ ಗುಡಿಸುವವಳಿಗೆ ಯಾರು ಹೇಳುತ್ತಾರೆ?

ಆಯುಧ ಪೂಜೆಯ ಹಿಂದಿನ ದಿನ ಎಲ್ಲ ಯಂತ್ರಗಳನ್ನೂ ತೊಳೆದು ಒರೆಸುವುದು ನನ್ನ ಪಾಲಿನ ಕೆಲಸ. ಪೆಟ್ಟಿಗೆ ಇಟ್ಟಿದ್ದ ಕೋಣೆಯ ಕೀಲಿಕೈ ಸ್ಟೋರಿನ ಮುನಿಸಾಮಿಯ ಹತ್ತಿರ. ತಮಿಳಿನವನು, ಬಾಯಿ ತೆಗೆದರೆ ಕೊಂಕು. ನನಗೂ ಅವನಿಗೂ ಆಗುತ್ತಿರಲಿಲ್ಲ. ಆ ಕೀಲಿಕೈ ಯಾರ ಕೈಗೂ ಕೊಡಬಾರದೆಂದು ಆರ್ಡರಿತ್ತು. ಅವನು ನನ್ನ ಕಡೆ ಎಸೆದ.

“ತಗೋ ಗೌರಮ್ಮ, ಸಾಮಿ ಕೋಣೆ. ಒಳಗೆ ಮಲ್ಕೋಬೇಡ, ಗೊರಕೆಗೆ ಪೆಟ್ಟಿಗೆ ಒಡೆದೋಗುತ್ತೆ” ಎಂದು ಹೇಳಿ ಕುಂಬಳಕಾಯಿ ಇಳಿಸಿಕೊಳ್ಳಲು ಗೇಟಿಗೆ ಹೋದ.

ಒಳಗೆ ಹೋದೆ. ಪೆಟ್ಟಿಗೆಗೆ ತಂತಿ ಬಿಗಿದಿತ್ತು. ಕಟ್ಟಿಹಾಕಿದ ಆಯುಧಕ್ಕೆ ನಮ್ಮಲ್ಲಿ ಪೂಜೆ ಮಾಡುವುದಿಲ್ಲ. ಕುಡುಗೋಲಾದರೂ ಸುತ್ತಿದ ಬಟ್ಟೆ ಬಿಚ್ಚಬೇಕು, ತಕ್ಕಡಿಯಾದರೂ ಹಗ್ಗದ ಗಂಟು ಸಡಿಲ ಮಾಡಬೇಕು. ಇಕ್ಕಳ ತಂದು ತಂತಿ ಕತ್ತರಿಸಿದೆ. ಬೀಗ ಮುಟ್ಟಲಿಲ್ಲ. ಪೆಟ್ಟಿಗೆ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಹೂವು ಏರಿಸಿದೆ. ತಂತಿಯ ಜೊತೆ ಕಳಚಿಬಂದ ಮುದ್ರೆಯ ಸೀಸದ ಗುಂಡನ್ನು ಹೂವಿನ ತಟ್ಟೆಗೆ ಹಾಕಿದ್ದೆ, ಅದು ಅಲ್ಲೇ ಉಳಿಯಿತು. ಹಬ್ಬ ಮುಗಿದ ಮೇಲೆ ಬಾಡಿದ ಹೂವನ್ನು ಹೊಳೆಗೆ ಬಿಡಬೇಕು. ಅಷ್ಟು ದೂರ ಯಾರು ನಡೆಯುತ್ತಾರೆ ಎಂದು, ಯಾರೂ ತುಳಿಯದ ಹಿತ್ತಲಿನ ಹೊಂಗೆಮರದ ಬುಡಕ್ಕೆ ಸುರಿದೆ.

ದೀಪಾವಳಿ ಕಳೆದು ಒಂದು ಬೆಳಿಗ್ಗೆ ಇನ್‌ಸ್ಪೆಕ್ಟರ್ ಬಂದ. ಉದ್ದನೆಯ ಬಿಳಿಯ ಮನುಷ್ಯ. ಕೋಣೆಗೆ ಹೋದವನು ಹತ್ತು ನಿಮಿಷದಲ್ಲಿ ಹೊರಗೆ ಬಂದ. ನಮ್ಮ ಎಂಜಿನಿಯರ್ ಸಾಹೇಬರ ಮುಖ ಬಿಳುಚಿಕೊಂಡಿತ್ತು. ಮುದ್ರೆ ಒಡೆದಿದೆ, ಒಳಗಿನ ಪದಾರ್ಥ ಅದೇ ಎಂದು ಇನ್ನು ನಂಬುವಂತಿಲ್ಲ, ಒಡೆದವರು ಯಾರೆಂದು ಸಂಜೆಯೊಳಗೆ ತಿಳಿಯದಿದ್ದರೆ ಈ ದೇಶ ಮಾತಿಗೆ ತಪ್ಪಿತೆಂದು ತನ್ನ ಆಫೀಸಿಗೆ ಟೆಲಿಗ್ರಾಂ ಕೊಡುತ್ತೇನೆ ಎಂದನಂತೆ.

ಹತ್ತು ಗಂಟೆಗೆ ಕಾರ್ಖಾನೆಯ ಕಾವಲಿನ ಹವಾಲ್ದಾರ ಮುನಿಸಾಮಿಯನ್ನು ಗಾರ್ಡ್ ರೂಮಿಗೆ ಎಳೆದುಕೊಂಡು ಹೋದ.

ನಾನು ಹೊರಗೆ ಪೊರಕೆ ಹಿಡಿದು ನಿಂತಿದ್ದೆ. ಬಾಗಿಲು ಮುಚ್ಚಿದರೂ ಕಿಟಕಿ ತೆರೆದಿತ್ತು.

“ಯಾರಿಗೆ ಮಾರಿದೆಯೋ? ಕೋಣೆಗೆ ಯಾರು ಹೋಗಿದ್ರು?”

“ಯಾರೂ ಇಲ್ಲ ಸಾರ್. ಕೀ ನನ್ನ ಹತ್ರಾನೇ ಇತ್ತು.”

ಮೊದಲು ಕೆನ್ನೆಗೆ, ಆಮೇಲೆ ಬೂಟಿನಲ್ಲಿ ಪಕ್ಕೆಗೆ, ಆಮೇಲೆ ಅಂಗಾಲಿಗೆ ಲಾಠಿ. ಅವನು ಕೂಗಿದ್ದು ತಮಿಳಿನಲ್ಲಿ, ಅವ್ವನನ್ನು ಕರೆದು. ಹನ್ನೆರಡರ ಹೊತ್ತಿಗೆ ಕೂಗುವ ಶಕ್ತಿ ಹೋಗಿ ಬರೀ ಮುಲುಕು ಕೇಳುತ್ತಿತ್ತು. ಆಮೇಲೆ ಇಬ್ಬರು ಅವನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದರು. ಹವಾಲ್ದಾರ ಲಾಠಿಯನ್ನು ನೆಟ್ಟಗೆ ಹಿಡಿದು, ಒನಕೆಯಲ್ಲಿ ಭತ್ತ ಕುಟ್ಟಿದ ಹಾಗೆ ಬೆರಳುಗಳನ್ನು ಕುಟ್ಟಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ನಾನು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದೆ. ತಂತಿ ಕತ್ತರಿಸಿದವಳು ನಾನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಜೈಲಿಗೂ ಹಾಕಬಹುದು. ಇವನು ಹೇಗೂ ಒದೆ ತಿಂದಾಯಿತು, ಇನ್ನೇನು ಬಿಡುತ್ತಾರೆ ಎಂದುಕೊಂಡೆ. ಹೀಗೆ ಮಧ್ಯಾಹ್ನ ಎರಡು ಗಂಟೆಯಾಯಿತು. ಆಗ ಹವಾಲ್ದಾರ ಹೊರಗೆ ಬಂದು, “ಎಡಗೈನೂ ಇಡ್ಸಿ, ಹೇಳ್ತಾನೆ” ಎಂದು ನೀರು ಕುಡಿದ.

ಪೊರಕೆ ಬಿಟ್ಟು ಎಂಜಿನಿಯರ್ ಸಾಹೇಬರ ಕೋಣೆಗೆ ನುಗ್ಗಿದೆ. ಬಿಳಿಯವನು ಅಲ್ಲೇ ಕೂತಿದ್ದ.

“ಸ್ವಾಮಿ, ತಂತಿ ಕತ್ರಿಸಿದ್ದು ನಾನು. ಪೂಜೆಗೆ.”

ಹಿಂದೆಯೇ ಬಂದ ಹವಾಲ್ದಾರ ನನ್ನ ತುರುಬು ಹಿಡಿದು ತಲೆಯನ್ನು ಗೋಡೆಗೆ ಬಡಿದ. “ಇಟ್ಕೊಂಡೋನ ಉಳ್ಸೋಕೆ ಸುಳ್ಳು ಹೇಳ್ತಾಳೆ ಸಾರ್!” ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು.

“ಬಿಡೋ, ನಿನ್ನ ಕೈ ಸೇದಿಹೋಗ! ಗುಂಡು ತೋರಿಸ್ತೀನಿ, ಬಾ.”

ಹೊಂಗೆಮರದ ಬುಡದಲ್ಲಿ ಕೂತು ಕೊಳೆತ ಚೆಂಡು ಹೂವನ್ನು ಎರಡೂ ಕೈಯಲ್ಲಿ ಕೆದಕಿದೆ. ತಂತಿಯ ಮೊನೆ ಹೆಬ್ಬೆರಳಿಗೆ ಚುಚ್ಚಿದಾಗ ಸಿಕ್ಕಿತು ಎಂದು ಗೊತ್ತಾಯಿತು. ಬಿಳಿಯವನು ಕುಂಕುಮ ಮೆತ್ತಿದ ಗುಂಡನ್ನು ಕರವಸ್ತ್ರದಲ್ಲಿ ಒರೆಸಿ, ಭೂತಗನ್ನಡಿ ಹಿಡಿದು ನಂಬರನ್ನು ತನ್ನ ಪುಸ್ತಕದೊಂದಿಗೆ ಹೋಲಿಸಿದ. ಅದೇ ನಂಬರು. ಏನೋ ಕೇಳಿದ.

“ಮುಚ್ಚಳ ತೆಗೆದ್ಯಾ ಅಂತ ಕೇಳ್ತಿದ್ದಾರೆ” ಎಂದರು ಎಂಜಿನಿಯರ್.

“ಬೀಗ ಇತ್ತಲ್ಲ? ನಾನೇನು ಕಳ್ಳಿನಾ?”

ಬೀಗ ಪರೀಕ್ಷಿಸಿದರು, ಪೆಟ್ಟಿಗೆ ತೂಗಿದರು. ತೂಕ ಸರಿಯಿತ್ತು. ಟೆಲಿಗ್ರಾಂ ಕೊಡುವುದು ನಿಂತಿತು, ದೇಶದ ಮಾನ ಉಳಿಯಿತು. ಗಾರ್ಡ್ ರೂಮಿನಲ್ಲಿ ಬಿದ್ದಿದ್ದವನ ನೆನಪು ಅವರ್ಯಾರಿಗೂ ಬರಲಿಲ್ಲ.

ನೆನಪು ಬಂದದ್ದು ಎರಕ ಹೊಯ್ಯುವ ಆಳುಗಳಿಗೆ. ಮುನಿಸಾಮಿಯನ್ನು ಹೊತ್ತು ತಂದಾಗ ಅವನ ಕೈ ನೋಡಿ ಅಷ್ಟೂ ಜನ ಕೆಲಸ ಬಿಟ್ಟು ಬಂದರು. ಹವಾಲ್ದಾರನನ್ನು ಅಂಗಳಕ್ಕೆ ಎಳೆದು ಹೊಡೆದರು. ನಾನೂ ಬಿಟ್ಟಿದ್ದ ಪೊರಕೆ ಎತ್ತಿಕೊಂಡು ಅದರ ಮರದ ಹಿಡಿಯಲ್ಲಿ ಅವನ ಬಾಯಿಗೆ ಹೊಡೆದೆ. ಎರಡು ಹಲ್ಲು ಉದುರಿದವು. ಅದಕ್ಕೆ ಇವತ್ತಿಗೂ ಬೇಸರವಿಲ್ಲ. ಪೊಲೀಸರು ಬಂದು ನಮ್ಮೆಲ್ಲರನ್ನೂ ಬಡಿದು ಚದುರಿಸಿದರು.

ಮುನಿಸಾಮಿಯನ್ನು ಲಾರಿಯಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಹಾಕಿದರು. ಮೂರು ಬೆರಳು ತೆಗೆದರು. ಮೂರನೇ ದಿನ ಮುದ್ದೆ, ಸಾರು ಕಟ್ಟಿಕೊಂಡು ಹೋದೆ.

“ನನ್ನ ಹೆಸರು ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ.

“ಹೇಳಿದ್ರೆ ಕೀ ಕೊಟ್ಟಿದ್ದು ಗೊತ್ತಾಗ್ತಿತ್ತು, ಕೆಲಸ ಹೋಗ್ತಿತ್ತು. ನಿನ್ನ ಮೇಲೆ ಪ್ರೀತಿ ಅಂತ ತಿಳ್ಕೋಬೇಡಮ್ಮ.” ಆಮೇಲೆ ನನ್ನ ಕಡೆ ತಿರುಗಿದ. “ಹತ್ತು ಗಂಟೆಯಿಂದ ನೀನೆಲ್ಲಿದ್ದೆ?”

“ಕಿಟಕಿ ಹೊರಗೆ.”

ಅವನು ಬೈಯಲಿಲ್ಲ. ಎಡಗೈಯಲ್ಲಿ ಮುದ್ದೆ ಮುರಿಯಲು ನೋಡಿದ, ಆಗಲಿಲ್ಲ. ನಾನೇ ಮುರಿದು ಬಾಯಿಗಿಟ್ಟೆ.

ಕೆಲಸ ಇಬ್ಬರದೂ ಹೋಗಲಿಲ್ಲ. ಗಲಾಟೆಗೆ ಹೆದರಿದ ಮ್ಯಾನೇಜರು ಅವನನ್ನು ಗೇಟಿನ ಕೆಲಸಕ್ಕೆ ಹಾಕಿದರು, ನನ್ನನ್ನು ಇದ್ದಲ್ಲೇ ಬಿಟ್ಟರು. ಅಂದರೆ ಹತ್ತು ಗಂಟೆಗೇ ಬಾಯಿ ಬಿಟ್ಟಿದ್ದರೂ ಮಕ್ಕಳ ಅನ್ನಕ್ಕೆ ಏನೂ ಆಗುತ್ತಿರಲಿಲ್ಲವೇನೋ. ಇಲ್ಲ, ಆಗುತ್ತಿತ್ತೋ ಏನೋ. ಅದನ್ನು ತಿಳಿಯುವ ದಾರಿಯಿಲ್ಲ.

ಆಮೇಲೆ ಇಪ್ಪತ್ತೆರಡು ವರ್ಷ ಅಲ್ಲೇ ಗುಡಿಸಿದೆ. ಯಾವುದನ್ನು ಬಿಚ್ಚುವ ಮುಂಚೆಯೂ ಕಟ್ಟಿದವರು ಯಾರು ಎಂದು ಕೇಳುವುದನ್ನು ಆ ಕೆಲಸ ಕಲಿಸಿತು. ಇನ್ನೊಂದನ್ನೂ ಕಲಿಸಿತು: ತಪ್ಪು ಒಪ್ಪಿಕೊಳ್ಳುವುದಾದರೆ ಮೊದಲ ಏಟು ಬೀಳುವ ಮುಂಚೆ ಒಪ್ಪಿಕೊಳ್ಳಬೇಕು. ನಾನು ಒಪ್ಪಿಕೊಂಡೆ ಎಂದು ಜನ ಹೊಗಳಿದರು. ಮುನಿಸಾಮಿ ಮಾತ್ರ ಹೊಗಳಲಿಲ್ಲ, ದಿನಾ ಬೆಳಿಗ್ಗೆ ಗೇಟಿನಲ್ಲಿ ಎರಡು ಬೆರಳಿನ ಕೈಯೆತ್ತಿ ನನ್ನ ಹಾಜರಿ ಚೀಟಿ ಈಸಿಕೊಳ್ಳುತ್ತಿದ್ದ.