ಮಾವಶಿಯ ಬೆರಳು
ಸದಾಶಿವನಗರದ ನಮ್ಮ ಆಸ್ಪತ್ರೆಯಲ್ಲಿ ಲಕ್ವಾ ಹೊಡೆದವರ ವಾರ್ಡಿಗೆ ಡಾಕ್ಟರು ದಿನಕ್ಕೆ ಎರಡು ಸಲ ಬಂದರೆ ಆಯಾ ಕುಂದಾ ಮಾವಶಿ ನಾಲ್ಕು ಸಲ ಬರುತ್ತಾಳೆ, ರೋಗಿಗಳು ಹೆದರುವುದೂ ಅವಳಿಗೇ. ತೋರುಬೆರಳಿಗೆ ಒದ್ದೆ ಅರಿವೆ ಸುತ್ತಿಕೊಂಡು ‘ಆ ಮಾಡ್ರಿ’ ಎಂದಳೆಂದರೆ ನಿವೃತ್ತ ಫೌಜದಾರರೂ ಬಾಯಿ ತೆರೆಯುತ್ತಾರೆ. ಹಲ್ಲು, ವಸಡು, ನಾಲಿಗೆಯ ಬುಡ, ಯಾವುದನ್ನೂ ಅವಳು ಬಿಡುವುದಿಲ್ಲ. ‘ನುಂಗಾಕ ಬರಲಾರದವ್ರ ಬಾಯಾಗಿನ ಹೊಲಸು ಸೀದಾ ಎದಿಗೆ ಇಳೀತೈತ್ರಿ, ಆಮ್ಯಾಲ ನಿಮೋನಿಯಾ’ ಎಂದು ಖಾನಾಪುರದಿಂದ ನೋಡಲು ಬಂದ ಬೀಗರಿಗೂ ಪಾಠ ಹೇಳುತ್ತಾಳೆ. ಅವಳ ಬೆರಳ ತುಂಬ ರೋಗಿಗಳು ಕಚ್ಚಿದ ಕಲೆಗಳಿವೆ. ಒಂದೊಂದನ್ನೂ ಹೆಸರು ಹೇಳಿ ತೋರಿಸುತ್ತಾಳೆ. ‘ಕಚ್ಚಿದವ್ರೆಲ್ಲಾ ಎದ್ದು ಮನಿಗೆ ಹೋಗ್ಯಾರ’ ಎನ್ನುತ್ತಾಳೆ. ಐದನೇ ಹಾಸಿಗೆಯ ಗುಂಜಿಯ ಬಸಯ್ಯ ಒಂಬತ್ತು ದಿನಗಳಿಂದ ಕಣ್ಣು ತೆರೆದಿಲ್ಲ. ಇವತ್ತು ಬೆಳಿಗ್ಗೆ ಅವರ ಬಾಯಿ ಒರೆಸಿ ಮುಗಿದ ಮೇಲೂ ಮಾವಶಿ ಬೆರಳನ್ನು ಹಲ್ಲುಗಳ ನಡುವೆಯೇ ಇಟ್ಟುಕೊಂಡು ನಿಂತಳು. ‘ಕಚ್ರಿ ಅಯ್ಯನವರ’ ಎಂದು ಮೆಲ್ಲಗೆ ಹೇಳಿದಳು. ದವಡೆ ಅಲುಗಲಿಲ್ಲ. ಕೊನೆಗೆ ಅವಳು ಬೆರಳು ತೆಗೆಯಲು ಹೋದಾಗ ಬಸಯ್ಯನವರ ಹೆಂಡತಿ ಶಿವಲಿಂಗವ್ವ ಅವಳ ಮಣಿಕಟ್ಟು ಹಿಡಿದು, ‘ಇನ್ನೊಂದೀಟು ಹೊತ್ತು ಇಡ್ರಿ’ ಎಂದಳು.