ಸಾರ್ ಬರೆದ ಲೆಮ್ಮಾ

ಏಳು ವರ್ಷ ನಾನು ಪಿಎಚ್‌ಡಿಗೆಂದು ಒಂದೇ ಜಾತಿಯ ಸಮೀಕರಣಗಳ ಹಿಂದೆ ಬಿದ್ದಿದ್ದೆ. ಅವುಗಳಲ್ಲಿ ಹುಡುಕಬೇಕಾದದ್ದು ಸಂಖ್ಯೆಯನ್ನಲ್ಲ, ಫಂಕ್ಷನ್ನನ್ನೇ. ಫಂಕ್ಷನ್ನಿನಲ್ಲಿ x ಇದ್ದ ಕಡೆಯೆಲ್ಲ 1−x ಇಡುವುದನ್ನು ಒಂದು ಆಪರೇಟರ್ ಎಂದುಕೊಳ್ಳಿ. ದೋಸೆ ಮಗುಚಿದ ಹಾಗೆ: ಎರಡು ಸಲ ಮಗುಚಿದರೆ ಮೊದಲಿದ್ದ ಮೈಯೇ ಮೇಲೆ. ಇಂಥವನ್ನು ಸಂಖ್ಯೆಗಳ ಹಾಗೆ ಕೂಡಿಸಿ ಗುಣಿಸಿ ಆಡಿಸಿದರೆ ಎಂಥ ಮೊಂಡು ಸಮೀಕರಣವೂ ಬಾಯಿ ಬಿಡುತ್ತದೆ. ನನಗೆ ಅದರ ಹುಚ್ಚು ಹಿಡಿದಿತ್ತು.

ಆದರೆ ಆಪರೇಟರನ್ನು ಎರಡೂ ಕಡೆಯಿಂದ ಹೊಡೆದುಹಾಕುವ ಮುಂಚೆ, ಅದು ಯಾವುದಾದರೂ ಫಂಕ್ಷನ್ನನ್ನು ಸೊನ್ನೆ ಮಾಡಿಬಿಡುತ್ತದೆಯೇ ಎಂದು ನೋಡಬೇಕು; ಮಾಡುವುದಾದರೆ, ಹೊಡೆದುಹಾಕುವುದು ಸೊನ್ನೆಯಿಂದ ಭಾಗಿಸಿದಷ್ಟೇ ತಪ್ಪು. ಬಿಎಸ್ಸಿ ಮಕ್ಕಳಿಗೆ ನಾನೇ ಬಡಕೊಂಡು ಹೇಳುತ್ತಿದ್ದ ಮಾತು. ನಾನು ನೋಡಿರಲಿಲ್ಲ. ಹೊಡೆದುಹಾಕಬಹುದು ಎನ್ನುವ ಲೆಮ್ಮಾ, ಅಂದರೆ ನನ್ನ ಥೀಸಿಸ್ಸೆಲ್ಲ ಯಾವುದರ ಮೇಲೆ ನಿಂತಿತ್ತೋ ಆ ಪುಟ್ಟ ಪ್ರಮೇಯ, ನನ್ನ ಗೈಡ್ ಅವರದು, ಅವರ ಥೀಸಿಸ್ಸಿನಿಂದಲೇ ಎತ್ತಿಕೊಂಡದ್ದು. ಗೈಡ್ ಲೆಮ್ಮಾವನ್ನು ಪರೀಕ್ಷೆ ಮಾಡುವುದೆಂದರೆ ಅವರ ಮನೆ ಊಟಕ್ಕೆ ಹೋಗಿ ಅಕ್ಕಿ ತೊಳೆದಿದ್ದೀರಾ ಎಂದು ಕೇಳಿದ ಹಾಗೆ. ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಥೀಸಿಸ್ ಕೊಡುವುದಕ್ಕೆ ಎರಡು ದಿನ ಮುಂಚೆ, ಶನಿವಾರ, ದೀಪಾಂಜಲಿ ನಗರದಲ್ಲಿ ಮೆಟ್ರೊ ಕಾಯುತ್ತಾ ಸುಮ್ಮನೆ x−½ ಹಾಕಿ ನೋಡಿದೆ. ನಮ್ಮ ಆಪರೇಟರ್ ನೋಡಲು ಒಂದು ಪುಟದಷ್ಟಿತ್ತು. ಬಿಡಿಸಿದರೆ ಒಳಗಿದ್ದದ್ದು ಇಷ್ಟೇ: ಫಂಕ್ಷನ್ನಿಗೆ ಅದನ್ನೇ ಮಗುಚಿ ಕೂಡಿಸು. x−½ ಮಗುಚಿದರೆ ½−x. ಕೂಡಿಸಿದರೆ ಸೊನ್ನೆ. ಅಯ್ಯೋ ದೇವರೇ, ಏಳು ವರ್ಷ! ಪಿಎಚ್‌ಡಿ ಆಗದಿದ್ದರೆ ಜೂನ್‌ನಿಂದ ಬರಬೇಡಿ ಎಂದು ಕಾಲೇಜಿನವರು ಆಗಲೇ ಹೇಳಿದ್ದರು.

ಸೀದಾ ಗೋವಿಂದರಾಜನಗರದ ಗೈಡ್ ಸಾರ್ ಮನೆಗೆ ಹೋಗಿ ಲೆಕ್ಕ ಬರೆದ ಹಾಳೆಯನ್ನು ಮುಂದಿಟ್ಟೆ. ಸಾರ್ ಅದರ ಕಡೆ ನೋಡಲೂ ಇಲ್ಲ.

“ಕೂತ್ಕೋಮ್ಮ, ಕಾಫಿ ಕುಡಿ,” ಎಂದರು.

“ಸಾರ್, ಲೆಮ್ಮಾ ತಪ್ಪು.”

“ಸೋಮವಾರ ಕೊಟ್ಬಿಡು. ಎಕ್ಸಾಮಿನರ್ ಯಾರೂ ಅಷ್ಟು ಒಳಗೆ ಹೋಗಲ್ಲ.”

ಮೈಯೆಲ್ಲ ಉರಿದುಹೋಯಿತು. “ನೀವಾಗಿದ್ರೆ ಕೊಡ್ತಿದ್ರಾ ಸಾರ್?”

“ನಾನು ಕೊಟ್ಟೇ ಅಲ್ವೇನಮ್ಮ ಇಲ್ಲಿ ಕೂತಿರೋದು,” ಎಂದು ಒಳಗೆ ತಿರುಗಿ, ಕಾಫಿಗೆ ಸಕ್ಕರೆ ಕಮ್ಮಿ ಹಾಕುವಂತೆ ಹೆಂಡತಿಗೆ ಹೇಳಿದರು.

ಮೂವತ್ತು ವರ್ಷದಿಂದ ಗೊತ್ತಿತ್ತು ಮಹಾನುಭಾವರಿಗೆ! ಬೈಯಬೇಕು ಎಂದುಕೊಂಡೆ. ಸುಸ್ತಾದ ಆ ಮುಖ ನೋಡಿ ಸಿಟ್ಟು ಅಲ್ಲೇ ಇಳಿದುಹೋಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಕಾಫಿ ಕುಡಿದು ಬಂದೆ.

ಸೋಮವಾರ ಥೀಸಿಸ್ ಕೊಟ್ಟೆ. ಯಾರೂ ಅಷ್ಟು ಒಳಗೆ ಹೋಗಲಿಲ್ಲ.

ಈಗ ನಾನೂ ಗೈಡ್. ಸಾರ್ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ನನ್ನ ವಿದ್ಯಾರ್ಥಿನಿ ವಿಜಯನಗರದ ನಮ್ಮ ಮನೆಗೆ ಬಂದಿದ್ದಳು. ಚುರುಕು ಹುಡುಗಿ, ನನಗಿಂತ ಜಾಣೆ.

“ಮೇಡಂ, ಎರಡನೇ ಚಾಪ್ಟರ್‌ಗೆ ನಿಮ್ಮ ಥೀಸಿಸ್‌ನ ಲೆಮ್ಮಾನೇ ಹಾಕ್ಕೊಂಡಿದೀನಿ. ಪ್ರೂಫ್ ಏನೂ ಚೆಕ್ ಮಾಡೋಕ್ ಹೋಗ್ಲಿಲ್ಲ, ನೀವ್ ಬರ್ದಿರೋದಲ್ವಾ,” ಎಂದಳು.

ಹೇಳಿಬಿಡಬೇಕು ಎಂದು ಬಾಯಿ ತೆರೆದೆ.

“ಕೂತ್ಕೋಮ್ಮ,” ಎಂದೆ, “ಕಾಫಿ ಕುಡಿ.”