ಊರಿನ ಹೆಸರು ಬರೆಯದ ಕತ್ತಿ

ನರಗುಂದದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದ ಸಂಶೋಧಕರೊಬ್ಬರು ಹಳೆಯ ಆಯುಧಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. ಬ್ರಿಟಿಷರು ಊರೂರಿನ ಆಯುಧ ಕಿತ್ತುಕೊಂಡಾಗ ಜನ ಏನೇನು ಮುಚ್ಚಿಟ್ಟರು ಎಂಬುದು ಅವರ ವಿಷಯ. ಕಿಸೆಯಲ್ಲಿ ಸದಾ ದರ್ಜಿಯ ಟೇಪು ಇರುತ್ತಿತ್ತು. ಯಾರ ಮನೆಗೆ ಹೋದರೂ ಕೈ ತೊಳೆದು, “ಮುಟ್ಲೇನ್ರಿ?” ಎಂದು ಕೇಳಿಯೇ ಮುಟ್ಟುವರು.

ಒಮ್ಮೆ ಅವರನ್ನು ನನ್ನ ತವರಿಗೆ ಕರೆದೊಯ್ದೆ. ಮಹಾನವಮಿಗೊಮ್ಮೆ ಮಾತ್ರ ಹೊರತೆಗೆದು ಪೂಜಿಸುವ ಕತ್ತಿಯನ್ನು ನಮ್ಮ ದೊಡ್ಡಪ್ಪ ಜೋಳದ ಚೀಲಗಳ ಹಿಂದಿನಿಂದ ತಂದರು.

“ಸರಕಾರದವ್ರು ಒಯ್ತಾರಂತ ನಮ್ಮ ಮುತ್ತ್ಯಾ ಇದನ್ನ ನೆಲದಾಗಿನ ಕಾಳಿನ ಹಗೇವಿನ್ಯಾಗ ಹುಗದಿಟ್ಟಿದ್ದ. ನೀವೂ ಸರಕಾರದವ್ರ ಏನ್ರಿ ಮತ್ತ?”

“ಸರಕಾರ ನನಗ ಪಗಾರಾನ ಕೊಡೂದಿಲ್ರಿ ಅಜ್ಜಾರ,” ಎಂದು ಅವರು ನಕ್ಕರು. “ನಿಮ್ಮ ಹೆಸರು, ಊರು ಎಲ್ಲೂ ಬರಿಯೂದಿಲ್ಲ.”

ಹಾಗೆ ಹುಗಿದು ಉಳಿಸಿದ ಕತ್ತಿ ಅವರಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅದರ ಮೇಲೆಯೇ ಒಂದು ಅಧ್ಯಾಯ ಬರೆದರು.

ತಿಂಗಳ ಮೇಲೆ, ಅವರು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಗ, ಅವರ ಮಾರ್ಗದರ್ಶಕರ ಫೋನ್ ಬಂತು. ಮನೆ, ಊರು, ಫೋಟೋ ಇಲ್ಲದಿದ್ದರೆ ಆ ಅಧ್ಯಾಯ ನಡೆಯದು, ಕೊಟ್ಟರೆ ಈ ವರ್ಷವೇ ಪದವಿ ಎಂದದ್ದು ನನಗೂ ಕೇಳಿಸಿತು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ.

“ಇಲ್ರಿ ಸರ್, ಆ ಅಧ್ಯಾಯಾನ ತಗದ್ಬಿಡ್ತೀನಿ,” ಎಂದು ಸಂಶೋಧಕರು ಫೋನ್ ಇಟ್ಟರು.

“ಅಲ್ರಿ, ಒಂದ್ ವರ್ಷ ಹೋತಲ್ರಿ!” ಅಂದೆ.

“ಹೋತ್ರಿ ಅಕ್ಕಾರ,” ಎನ್ನುತ್ತ ಮಹಡಿಯಿಂದ ಪ್ರಬಂಧ ತಂದು, ಆ ಅಧ್ಯಾಯದ ಹಾಳೆಗಳನ್ನು ದಾರದಿಂದ ಬಿಡಿಸಿ ನನ್ನ ಕೈಗಿಟ್ಟರು. “ಅಜ್ಜಾರಿಗೆ ಕೊಡ್ರಿ. ಕತ್ತಿ ಜೋಡಿ ಇರಲಿ.”